ಟೆಕ್ ಷೇರುಗಳ ಬೂಮ್: ಕೊಳ್ಳುವ ಮೊದಲೇ ಹಾಕಬೇಕಾದ ಮಾರಾಟದ ಲೆಕ್ಕ

2000ದ ಮಾರ್ಚ್ 31ರಂದು ಇನ್ಫೋಸಿಸ್‌ನ ಮಾರುಕಟ್ಟೆ ಮೌಲ್ಯ ₹59,338 ಕೋಟಿ. ಆ ವರ್ಷದ ಆದಾಯ ₹882 ಕೋಟಿ. ಎರಡು ವರ್ಷ ಕಳೆದು 2002ರ ಮಾರ್ಚ್ ಬರುವಷ್ಟರಲ್ಲಿ ಆದಾಯ ₹2,604 ಕೋಟಿಗೆ ಏರಿತ್ತು, ಹತ್ತಿರ ಹತ್ತಿರ ಮೂರು ಪಟ್ಟು. ಮಾರುಕಟ್ಟೆ ಮೌಲ್ಯ ಮಾತ್ರ ₹24,654 ಕೋಟಿಗೆ ಇಳಿದಿತ್ತು. ಲೆಕ್ಕಪತ್ರ ಶುದ್ಧ, ಗಿರಾಕಿಗಳು ಹೆಚ್ಚುತ್ತಿದ್ದಾರೆ, ಲಾಭ ಎರಡೇ ವರ್ಷದಲ್ಲಿ ಎರಡೂವರೆ ಪಟ್ಟು ದಾಟಿದೆ. ಆದರೂ 2000ದ ಮಾರ್ಚ್‌ನಲ್ಲಿ ಕೊಂಡವರ ಹಣದಲ್ಲಿ ನೂರಕ್ಕೆ 58 ರೂಪಾಯಿ ಹೋಗಿತ್ತು.

ಕಾರಣ ಸರಳ. ಕೊಂಡಾಗ ಬೆಲೆ ವಾರ್ಷಿಕ ಲಾಭದ 200 ಪಟ್ಟಿನಷ್ಟಿತ್ತು. ಎರಡು ವರ್ಷದಲ್ಲಿ ಅದು 30 ಪಟ್ಟಿಗೆ ಬಂದು ನಿಂತಿತು. ಲಾಭ ಬೆಳೆದದ್ದಕ್ಕಿಂತ ಹೆಚ್ಚು ವೇಗವಾಗಿ ಈ ಗುಣಕ ಕುಗ್ಗಿತು. ‘ಒಳ್ಳೇ ಕಂಪನಿ ಆರಿಸಿಕೊಂಡರೆ ಸಾಕು’ ಎಂಬ ಸಲಹೆ ಬೂಮ್‌ನಲ್ಲಿ ಅರ್ಧ ಮಾತ್ರ ನಿಜ ಎಂದು ನಾನು ಹೇಳುವುದು ಇದಕ್ಕೇ. ಎಷ್ಟು ಬೆಲೆಗೆ ಕೊಂಡಿರಿ, ಯಾರ ದುಡ್ಡಲ್ಲಿ ಕೊಂಡಿರಿ, ಮಾರಬೇಕಾದ ದಿನ ಆ ಕಡೆ ಕೊಳ್ಳುವವರು ಇರುತ್ತಾರಾ, ಈ ಮೂರೂ ಅಷ್ಟೇ ಮುಖ್ಯ. ಕೊಳ್ಳುವುದನ್ನು ಹೇಳಿಕೊಡುವವರು ಬೇಕಾದಷ್ಟಿದ್ದಾರೆ. ಇಲ್ಲಿ ಬರೆಯುತ್ತಿರುವುದು ಮಾರುವ ಕಡೆಯ ಲೆಕ್ಕ.

ಮೊದಲು ಸಾಲದ ವಿಷಯ, ಯಾಕೆಂದರೆ ಎಲ್ಲ ಬೂಮ್‌ಗಳ ಬುಡದಲ್ಲೂ ಅದು ಇರುತ್ತದೆ. 1999–2000ರಲ್ಲಿ ನಮ್ಮಲ್ಲಿ ಬದ್ಲಾ ಎಂಬ ಸಾಲದ ಪದ್ಧತಿ ಇತ್ತು. ಮುಂಬೈ ಷೇರು ವಿನಿಮಯ ಕೇಂದ್ರವಾದ ಬಿಎಸ್‌ಇಯಲ್ಲಿ ಸೆಟಲ್‌ಮೆಂಟ್ (ಹಣ, ಷೇರುಗಳ ಲೆಕ್ಕ ಚುಕ್ತಾ) ವಾರಕ್ಕೊಮ್ಮೆ, ಸೋಮವಾರದಿಂದ ಶುಕ್ರವಾರದವರೆಗಿನ ಲೆಕ್ಕ. ಸೋಮವಾರ ಕೊಂಡು ಶುಕ್ರವಾರದೊಳಗೆ ಮಾರಿದರೆ ಪೂರ್ತಿ ಹಣ ಕಟ್ಟಬೇಕಿರಲಿಲ್ಲ, ಬೆಲೆಯ ವ್ಯತ್ಯಾಸ ಮಾತ್ರ ಕೈ ಬದಲಾಗುತ್ತಿತ್ತು. ಮಾರಲು ಮನಸ್ಸಿಲ್ಲವೇ? ಶನಿವಾರದ ಬದ್ಲಾ ಸೆಷನ್‌ನಲ್ಲಿ ಒಬ್ಬ ಫೈನಾನ್ಶಿಯರ್ ನಿಮ್ಮ ಪರವಾಗಿ ಹಣ ಕಟ್ಟುತ್ತಿದ್ದ, ನೀವು ಅವನಿಗೆ ಬಡ್ಡಿ ಕೊಟ್ಟು ಖರೀದಿಯನ್ನು ಮುಂದಿನ ವಾರಕ್ಕೆ ಎಳೆದುಕೊಳ್ಳುತ್ತಿದ್ದಿರಿ. ಆ ಬಡ್ಡಿಯೇ ಬದ್ಲಾ ದರ. ತೇಜಿಯವರು, ಅಂದರೆ ಬೆಲೆ ಏರುತ್ತದೆಂದು ಕೊಂಡವರು, ಹೆಚ್ಚಾದಷ್ಟೂ ದರ ಏರುತ್ತಿತ್ತು. ಬೆಲೆ ಇಳಿಯುತ್ತದೆಂದು ಷೇರಿಲ್ಲದೆ ಮಾರಿದವರೇ (ಇವರಿಗೆ ‘ಮಂದಿ’ಯವರು ಎಂದು ಹೆಸರು) ಜಾಸ್ತಿಯಾದರೆ ತಿರುಗಾ ಅವರೇ ದುಡ್ಡು ಕೊಡಬೇಕಾಗುತ್ತಿತ್ತು, ಅದಕ್ಕೆ ಉಂಧಾ ಬದ್ಲಾ ಎನ್ನುತ್ತಿದ್ದರು.

ಇನ್ನೊಂದು ದಾರಿಯೂ ಇತ್ತು. ಇನ್ನೊಂದು ವಿನಿಮಯ ಕೇಂದ್ರವಾದ ಎನ್‌ಎಸ್‌ಇಯ ವಾರ ಬುಧವಾರದಿಂದ ಮಂಗಳವಾರದವರೆಗೆ. ಶುಕ್ರವಾರ ಬಿಎಸ್‌ಇಯಲ್ಲಿ ಮಾರಿ ಅದೇ ಗಳಿಗೆಯಲ್ಲಿ ಎನ್‌ಎಸ್‌ಇಯಲ್ಲಿ ಕೊಂಡರೆ ಮಂಗಳವಾರದವರೆಗೆ ಗಡುವು ಸಿಗುತ್ತಿತ್ತು. ಮಂಗಳವಾರ ಅಲ್ಲಿ ಮಾರಿ ಇಲ್ಲಿ ಕೊಂಡರೆ ಮತ್ತೆ ಶುಕ್ರವಾರದವರೆಗೆ. ಬ್ರೋಕರೇಜ್ ಕೊಟ್ಟರಾಯಿತು, ಕೈಯಲ್ಲಿ ಹಣವಿಲ್ಲದೆ ವಾರಗಟ್ಟಲೆ ಷೇರು ‘ಹಿಡಿದುಕೊಂಡಿರಲು’ ಆಗುತ್ತಿತ್ತು. ಪರದೆಯ ಮೇಲೆ ಕಾಣುತ್ತಿದ್ದ ದೊಡ್ಡ ವಾಲ್ಯೂಮ್‌ನಲ್ಲಿ ಹೀಗೆ ಅತ್ತಿಂದಿತ್ತ ಸಾಗಿಸಿದ್ದೂ ಸೇರಿತ್ತು. ಹೊಸಬರು ಅದನ್ನು ಬೇಡಿಕೆ ಎಂದುಕೊಂಡರು.

ಮುಂಬೈನ ಬ್ರೋಕರ್ ಕೇತನ್ ಪಾರೇಖ್ ಹೆಸರಿನೊಂದಿಗೆ ‘ಕೆ–10’ ಎಂದು ಕರೆಸಿಕೊಂಡ ಷೇರುಗಳು, ಎಚ್‌ಎಫ್‌ಸಿಎಲ್, ಗ್ಲೋಬಲ್ ಟೆಲಿಸಿಸ್ಟಮ್ಸ್, ಡಿಎಸ್‌ಕ್ಯೂ ಸಾಫ್ಟ್‌ವೇರ್, ಸಿಲ್ವರ್‌ಲೈನ್, ಪೆಂಟಾಮೀಡಿಯಾದಂಥವು, ಈ ಸಾಲದ ಗಾಳಿಯಲ್ಲೇ ಮೇಲೇರಿದ್ದವು. 2001ರ ಮಾರ್ಚ್‌ನಲ್ಲಿ ಕೋಲ್ಕತ್ತಾ ವಿನಿಮಯ ಕೇಂದ್ರದಲ್ಲಿ ಪಾವತಿಯೇ ನಿಂತಿತು. ಮಾಧವಪುರ ಸಹಕಾರಿ ಬ್ಯಾಂಕಿನ ಪೇ ಆರ್ಡರ್‌ಗಳು ಪಾಸಾಗಲಿಲ್ಲ. ಸಾಲ ಕೊಟ್ಟವರೆಲ್ಲ ಒಟ್ಟಿಗೆ ವಾಪಸ್ ಕೇಳಿದರು. ಈ ಷೇರುಗಳು ಗರಿಷ್ಠದಿಂದ ಶೇ 90ಕ್ಕೂ ಹೆಚ್ಚು ಕುಸಿದವು. 2000ದ ಫೆಬ್ರುವರಿ 11ರಂದು 5,933ರಲ್ಲಿ ಮುಗಿದಿದ್ದ ಸೆನ್ಸೆಕ್ಸ್ 2001ರ ಸೆಪ್ಟೆಂಬರ್ 21ರಂದು 2,600ಕ್ಕೆ ಬಂತು. ಷೇರುಪೇಟೆಯ ನಿಯಂತ್ರಕ ಸೆಬಿ 2001ರ ಜುಲೈ 2ರಿಂದ ಬದ್ಲಾವನ್ನು ನಿಲ್ಲಿಸಿತು.

ಬದ್ಲಾ ಹೋಯಿತು, ಸಾಲ ಹೋಗಲಿಲ್ಲ. ಈಗ ಅದರ ಹೆಸರು ಎಂಟಿಎಫ್ (ಬ್ರೋಕರ್ ಕೊಟ್ಟ ಸಾಲದಲ್ಲಿ ಷೇರು ಕೊಳ್ಳುವುದು), ಫ್ಯೂಚರ್ಸ್ (ಮುಂದಿನ ದಿನಾಂಕದ ವಹಿವಾಟಿಗೆ ಇಂದೇ ಬೆಲೆ ಗೊತ್ತುಮಾಡುವ ಒಪ್ಪಂದ), ಷೇರು ಅಡವಿಟ್ಟು ಪಡೆಯುವ ಮಾರ್ಜಿನ್ (ವಹಿವಾಟಿಗೆ ಇಡಬೇಕಾದ ಭದ್ರತಾ ಹಣ). ಅಂದಿನವರು ಬದ್ಲಾ ದರ ನೋಡಿ ತೇಜಿಯ ಬಿಸಿ ಅಳೆದಂತೆ ಇಂದು ಎರಡು ಕಡೆ ನೋಡಬಹುದು. ಒಂದು, ಫ್ಯೂಚರ್ಸ್ ಪ್ರೀಮಿಯಂ. ಷೇರು ₹1,000 ಇರುವಾಗ ಒಂದು ತಿಂಗಳ ಫ್ಯೂಚರ್ಸ್ ₹1,006 ಇದ್ದರೆ ವರ್ಷಕ್ಕೆ ಶೇ 7ರ ಬಡ್ಡಿ, ಸಹಜ. ಅದೇ ₹1,015 ಆದರೆ ವರ್ಷಕ್ಕೆ ಶೇ 18. ಅಷ್ಟು ಬಡ್ಡಿ ಕೊಟ್ಟಾದರೂ ಕೊಳ್ಳುವವರು ತುಂಬಿಕೊಂಡಿದ್ದಾರೆ ಎಂದರ್ಥ, ಆ ಷೇರಿನಲ್ಲಿ ಹೊಸದಾಗಿ ಕಾಲಿಡುವ ಹೊತ್ತಲ್ಲ. ಎರಡು, ಯಾವ ಷೇರಿನ ಮೇಲೆ ಎಷ್ಟು ಎಂಟಿಎಫ್ ಸಾಲ ಬಾಕಿ ಇದೆ ಎಂಬುದನ್ನು ವಿನಿಮಯ ಕೇಂದ್ರಗಳು ದಿನವೂ ಪ್ರಕಟಿಸುತ್ತವೆ. ಬೆಲೆ ಶೇ 20 ಏರಿದಾಗ ಸಾಲ ಎರಡು ಪಟ್ಟಾಗಿದ್ದರೆ, ಏರಿಸಿದ್ದು ಯಾರು ಎಂದು ಬೇರೆ ಹೇಳಬೇಕಿಲ್ಲ.

ಎಂಟಿಎಫ್‌ನ ಲೆಕ್ಕವನ್ನು ಕಾಗದದ ಮೇಲೆ ಒಮ್ಮೆ ಬಿಡಿಸಿ ನೋಡಿ. ನಿಮ್ಮದು ₹1 ಲಕ್ಷ, ಬ್ರೋಕರ್‌ನದು ₹3 ಲಕ್ಷ, ಒಟ್ಟು ₹4 ಲಕ್ಷದ ಷೇರು. ಬಡ್ಡಿ ವರ್ಷಕ್ಕೆ ಶೇ 15 ಎಂದಿಟ್ಟುಕೊಂಡರೆ ದಿನಕ್ಕೆ ₹123, ಶನಿವಾರ ಭಾನುವಾರವೂ ಸೇರಿ. ಬೆಲೆ ಶೇ 15 ಇಳಿದರೆ ಷೇರಿನ ಮೌಲ್ಯ ₹3.40 ಲಕ್ಷ. ಸಾಲ ಹಾಗೇ ಇದೆ, ನಿಮ್ಮ ಪಾಲು ₹40,000ಕ್ಕೆ ಇಳಿಯಿತು. ಶೇ 25 ಮಾರ್ಜಿನ್ ಬೇಕೆಂದರೆ ₹85,000 ಇರಬೇಕು, ₹45,000 ತಕ್ಷಣ ಹಾಕಿ ಎಂದು ಮೆಸೇಜ್ ಬರುತ್ತದೆ. ಇಷ್ಟಕ್ಕೇ ಮುಗಿಯುವುದಿಲ್ಲ. ಮಾರ್ಜಿನ್ ದರ ಷೇರಿನ ಏರಿಳಿತಕ್ಕೆ ಕಟ್ಟಿಹಾಕಿದ್ದು. ಬೆಲೆ ಜೋರಾಗಿ ಬಿದ್ದ ವಾರವೇ ಶೇ 25 ಇದ್ದದ್ದು ಶೇ 40 ಆಗಬಹುದು. ಷೇರು ಎಎಸ್‌ಎಂ ನಿಗಾ ಪಟ್ಟಿಯ ಮೇಲಿನ ಹಂತಕ್ಕೆ ಹೋದರೆ ಶೇ 100. ಹಣ ಕೈಯಲ್ಲಿಲ್ಲದ ಹೊತ್ತಿನಲ್ಲೇ ಹೆಚ್ಚು ಹಣ ಕೇಳುವ ವ್ಯವಸ್ಥೆ ಇದು. ಕೊಡದಿದ್ದರೆ ಬ್ರೋಕರ್ ಅಂದಿನ ಬೆಲೆಗೆ ಮಾರುತ್ತಾನೆ, ನಿಮ್ಮಂಥ ಸಾವಿರ ಜನರದ್ದನ್ನು ಒಟ್ಟಿಗೆ.

ಇದಕ್ಕಿಂತ ಅಪಾಯದ ಜೋಡಣೆ ಇನ್ನೊಂದಿದೆ: ಇರುವ ಟೆಕ್ ಷೇರುಗಳನ್ನು ಅಡವಿಟ್ಟು ಆ ಮಾರ್ಜಿನ್‌ನಲ್ಲಿ ಟೆಕ್ ಫ್ಯೂಚರ್ಸ್ ಕೊಳ್ಳುವುದು. ಮಾರುಕಟ್ಟೆ ಬಿದ್ದ ದಿನ ಫ್ಯೂಚರ್ಸ್‌ನ ನಷ್ಟವನ್ನು ನಗದಾಗಿ ಕಟ್ಟಬೇಕು, ಅದೇ ದಿನ ಅಡವಿಟ್ಟ ಷೇರಿನ ಮೌಲ್ಯವೂ ಇಳಿದು ಮಾರ್ಜಿನ್ ಕುಗ್ಗುತ್ತದೆ. ಎರಡು ಕಡೆಯಿಂದ ಒಟ್ಟಿಗೆ ಹಗ್ಗ ಬಿಗಿಯುತ್ತದೆ. ಅಡವಿಡಲೇಬೇಕೆಂದರೆ ಸರ್ಕಾರಿ ಬಾಂಡ್ ಅಥವಾ ಲಿಕ್ವಿಡ್ ಫಂಡ್ ಇಡಿ.

ಇನ್ನು ಸರ್ಕ್ಯೂಟ್, ಅಂದರೆ ಷೇರಿನ ಬೆಲೆ ಒಂದು ದಿನದಲ್ಲಿ ಎಷ್ಟು ಏರಬಹುದು, ಎಷ್ಟು ಇಳಿಯಬಹುದು ಎಂಬ ಮಿತಿ. ಫ್ಯೂಚರ್ಸ್ ಇರುವ ದೊಡ್ಡ ಷೇರುಗಳಿಗೆ ದಿನದ ಮಿತಿ ಶೇ 10ರಿಂದ ಶುರುವಾಗಿ ಹಂತಹಂತವಾಗಿ ಸಡಿಲವಾಗುತ್ತದೆ, ಹಾಗಾಗಿ ಹೊರಬರಲು ಬೆಲೆಯಾದರೂ ಸಿಗುತ್ತದೆ. ಉಳಿದವುಗಳಿಗೆ ಶೇ 20, 10, 5 ಅಥವಾ 2ರ ಗಟ್ಟಿ ಮಿತಿ. ಬೂಮ್‌ನಲ್ಲಿ ಹೆಚ್ಚು ಮಾತಿಗೆ ಬರುವ ಸಣ್ಣ ಟೆಕ್ ಷೇರುಗಳಲ್ಲಿ ಹಲವು ಶೇ 5ರವು. ಏರುವಾಗ ದಿನವೂ ಅಪ್ಪರ್ ಸರ್ಕ್ಯೂಟ್, ಚಾರ್ಟ್ ಮೆಟ್ಟಿಲಿನ ಹಾಗೆ ಕಾಣುತ್ತದೆ. ಇಳಿಯುವಾಗಲೂ ಅದೇ ಮೆಟ್ಟಿಲು. ಹತ್ತು ದಿನ ಲೋವರ್ ಸರ್ಕ್ಯೂಟ್ ಬಿದ್ದರೆ ₹100 ಇದ್ದದ್ದು ₹60. ಆ ಹತ್ತೂ ದಿನ ನಿಮ್ಮ ಮಾರಾಟದ ಆರ್ಡರ್ ಹೋಗದೇ ಇರಬಹುದು.

ಅದು ಕಣ್ಣಿಗೆ ಕಾಣುವುದು ಹೀಗೆ. ಬೆಳಿಗ್ಗೆ 9.15ಕ್ಕೆ ಮಾರ್ಕೆಟ್ ಡೆಪ್ತ್ (ಕೊಳ್ಳುವ, ಮಾರುವ ಆರ್ಡರ್‌ಗಳ ಪಟ್ಟಿ) ತೆರೆದರೆ ಎಡಗಡೆ ಕೊಳ್ಳುವವರ ಐದು ಸಾಲೂ ಸೊನ್ನೆ. ಬಲಗಡೆ ಒಂದೇ ಬೆಲೆಯಲ್ಲಿ 8 ಲಕ್ಷ ಷೇರು ಮಾರಾಟಕ್ಕೆ ನಿಂತಿವೆ. ಒಂದೇ ಬೆಲೆಯ ಆರ್ಡರ್‌ಗಳಲ್ಲಿ ಮೊದಲು ಬಂದವರಿಗೆ ಮೊದಲ ಪಾಲು. ಆ ಷೇರಿನ ದಿನದ ಸರಾಸರಿ ವಹಿವಾಟು 50,000 ಆಗಿದ್ದರೆ ನಿಮ್ಮ ಮುಂದೆ 16 ದಿನಗಳ ಕ್ಯೂ ಇದೆ. ನಡುಮಧ್ಯಾಹ್ನ ಒಂದೆರಡು ಸಾವಿರ ಷೇರು ಯಾರಾದರೂ ಕೊಂಡರೆ ಅದು ಕ್ಯೂನ ತಲೆಯಲ್ಲಿ ನಿಂತವರಿಗೆ ಹೋಗುತ್ತದೆ. ಆದ್ದರಿಂದ ಬ್ರೋಕರ್ ಆ್ಯಪ್‌ನಲ್ಲಿ ಹಿಂದಿನ ಸಂಜೆಯೇ ಎಎಂಒ (ಮಾರುಕಟ್ಟೆ ಮುಚ್ಚಿದ ಮೇಲೆ ಹಾಕಿಡುವ ಆರ್ಡರ್) ಹಾಕಿ, ಲೋವರ್ ಸರ್ಕ್ಯೂಟ್ ಬೆಲೆಯಲ್ಲೇ ಹಾಕಿ. ಅದಕ್ಕಿಂತ ಒಂದು ಪೈಸೆ ಮೇಲೆ ಹಾಕಿದರೂ ಕೆಳಗಿನ ಬೆಲೆಯವರೆಲ್ಲ ನಿಮಗಿಂತ ಮುಂದೆ.

ಸ್ಟಾಪ್‌ಲಾಸ್ (ಬೆಲೆ ಇಷ್ಟಕ್ಕೆ ಇಳಿದರೆ ಮಾರು ಎಂಬ ಆರ್ಡರ್) ಹಾಕಿದ್ದೇನೆ, ಭಯವಿಲ್ಲ ಎನ್ನುವವರು ಆರ್ಡರ್‌ನ ವಿಧವನ್ನು ಸರಿಯಾಗಿ ನೋಡಬೇಕು. ಎಸ್‌ಎಲ್ (ಸ್ಟಾಪ್‌ಲಾಸ್) ಆರ್ಡರ್‌ನಲ್ಲಿ ಎರಡು ಬೆಲೆ: ಆರ್ಡರ್ ಅನ್ನು ಚಾಲೂ ಮಾಡುವ ಟ್ರಿಗರ್ ಮತ್ತು ಮಾರಲು ಒಪ್ಪುವ ಕನಿಷ್ಠ ಬೆಲೆಯಾದ ಲಿಮಿಟ್. ಟ್ರಿಗರ್ ₹950, ಲಿಮಿಟ್ ₹945 ಎಂದು ಹಾಕಿ ಮಲಗಿದಿರಿ ಎನ್ನಿ. ಮಾರನೆಯ ದಿನ ಷೇರು ₹920ಕ್ಕೇ ತೆರೆದರೆ ಟ್ರಿಗರ್ ಆಗುತ್ತದೆ, ಆದರೆ ಆರ್ಡರ್ ಹೋಗಿ ₹945ರಲ್ಲಿ ನಿಲ್ಲುತ್ತದೆ. ಆ ಬೆಲೆಗೆ ಕೊಳ್ಳುವವರಿಲ್ಲ. ಸಂಜೆ ₹880 ಆದರೂ ಷೇರು ನಿಮ್ಮ ಬಳಿಯೇ ಇರುತ್ತದೆ. ಬೂಮ್ ಷೇರುಗಳು ರಾತ್ರೋರಾತ್ರಿ ಸುದ್ದಿಯ ಮೇಲೆ ಅಂತರ ಬಿಟ್ಟು ತೆರೆಯುವುದು ಸಾಮಾನ್ಯ, ಹಾಗಾಗಿ ಲಿಮಿಟ್ ಅನ್ನು ಟ್ರಿಗರ್‌ಗಿಂತ ಶೇ 5ರಷ್ಟು ಕೆಳಗಿಡಿ: ಟ್ರಿಗರ್ ₹950, ಲಿಮಿಟ್ ₹902. ಕೆಳಗಿನ ಲಿಮಿಟ್ ಹಾಕಿದರೆ ಅದೇ ಬೆಲೆಗೆ ಮಾರಿಹೋಗುತ್ತದೆ ಎಂಬ ಭಯ ಬೇಡ. ಆ ಕ್ಷಣಕ್ಕೆ ಸಿಗುವ ಅತ್ಯುತ್ತಮ ಬೆಲೆಗೇ ಮಾರಾಟವಾಗುತ್ತದೆ. ₹902 ಎಂಬುದು ‘ಇದಕ್ಕಿಂತ ಕಡಿಮೆಗೆ ಬೇಡ’ ಎಂಬ ಗೆರೆ ಮಾತ್ರ. ಜಿಟಿಟಿ (ಟ್ರಿಗರ್ ಬೆಲೆ ಬರುವವರೆಗೆ ದಿನಗಟ್ಟಲೆ ಕಾಯುವ ಆರ್ಡರ್) ಹಾಕುವವರಿಗೂ ಇದೇ ಮಾತು, ಅದೂ ಕೊನೆಗೆ ಕಳಿಸುವುದು ಲಿಮಿಟ್ ಆರ್ಡರ್ ಅನ್ನೇ.

‘ಇಷ್ಟು ಏರಿದೆ, ಬಿದ್ದೇ ಬೀಳುತ್ತದೆ’ ಎಂದು ಇಂಥ ಷೇರನ್ನು ಇಂಟ್ರಾಡೇ ಶಾರ್ಟ್ ಮಾಡುವವರ (ಷೇರಿಲ್ಲದೆ ಮಾರಿ ಅದೇ ದಿನ ವಾಪಸ್ ಕೊಳ್ಳುವವರ) ಕಷ್ಟ ಬೇರೆ ಥರದ್ದು. ಮಧ್ಯಾಹ್ನ ಷೇರು ಅಪ್ಪರ್ ಸರ್ಕ್ಯೂಟ್‌ಗೆ ಹೋಗಿ ಕೂತರೆ ವಾಪಸ್ ಕೊಳ್ಳಲು ಮಾರುವವರೇ ಇರುವುದಿಲ್ಲ. ಕೊಡಬೇಕಾದ ಷೇರು ಕೊಡಲಾಗದೆ ಅದು ಹರಾಜಿಗೆ ಹೋಗುತ್ತದೆ. ಹರಾಜಿನಲ್ಲೂ ಸಿಗದಿದ್ದರೆ ಮಾರಿದ ದಿನದಿಂದ ಹರಾಜಿನ ದಿನದವರೆಗಿನ ಗರಿಷ್ಠ ಬೆಲೆ, ಇಲ್ಲವೇ ಹರಾಜಿನ ದಿನದ ಮುಕ್ತಾಯ ಬೆಲೆಗಿಂತ ಶೇ 20 ಹೆಚ್ಚು, ಎರಡರಲ್ಲಿ ಯಾವುದು ದೊಡ್ಡದೋ ಅದನ್ನು ಕಟ್ಟಬೇಕು. ಫ್ಯೂಚರ್ಸ್ ಇಲ್ಲದ ಷೇರನ್ನು ಬೂಮ್‌ನಲ್ಲಿ ಶಾರ್ಟ್ ಮಾಡಲೇಬೇಡಿ.

ಕಂಪನಿಯ ಎಷ್ಟು ಷೇರುಗಳು ಮಾರುಕಟ್ಟೆಯಲ್ಲಿ ಕೊಳ್ಳಲು ಸಿಗುತ್ತವೆ ಎಂಬುದು ಇನ್ನೊಂದು ಲೆಕ್ಕ. 1999ರ ಡಿಸೆಂಬರ್ 9ರಂದು ಅಮೆರಿಕದ ವಿಎ ಲಿನಕ್ಸ್ ಕಂಪನಿ ಅಲ್ಲಿನ ನ್ಯಾಸ್ಡಾಕ್ ಷೇರುಪೇಟೆಗೆ ಬಂತು. ಐಪಿಒ (ಸಾರ್ವಜನಿಕರಿಗೆ ಮೊದಲ ಷೇರು ಮಾರಾಟ) ಬೆಲೆ 30 ಡಾಲರ್, ದಿನದ ಮುಕ್ತಾಯ 239.25 ಡಾಲರ್. ಮಾರಿದ್ದು 44 ಲಕ್ಷ ಷೇರು ಮಾತ್ರ, ಕೊಳ್ಳಬೇಕೆಂದವರು ಅದರ ಎಷ್ಟೋ ಪಟ್ಟು. ವರ್ಷದೊಳಗೆ ಬೆಲೆ 10 ಡಾಲರ್‌ಗಿಂತ ಕೆಳಗೆ. ಸಂಸ್ಥಾಪಕರು ಮತ್ತು ಮೊದಲ ಹೂಡಿಕೆದಾರರ ಷೇರುಗಳಿಗೆ ಬೀಗ ಹಾಕಿರುವಷ್ಟು ದಿನ ಕಾಣುವುದು ಕೊರತೆಯ ಬೆಲೆ. ಬೀಗ ತೆಗೆಯುವ ದಿನ ಮೊದಲೇ ಗೊತ್ತಿರುತ್ತದೆ, ನೋಡುವವರು ಕಡಿಮೆ.

ನಮ್ಮಲ್ಲಿ ಇದನ್ನು ಸ್ಪಷ್ಟವಾಗಿ ತೋರಿಸಿದ್ದು ಜೊಮ್ಯಾಟೊ. 2021ರ ಜುಲೈ 23ರಂದು ಲಿಸ್ಟ್ ಆಯಿತು, ಐಪಿಒ ಬೆಲೆ ₹76. ಹಳೆಯ ಹೂಡಿಕೆದಾರರ ಸುಮಾರು 613 ಕೋಟಿ ಷೇರುಗಳ ಒಂದು ವರ್ಷದ ಲಾಕ್‌ಇನ್ 2022ರ ಜುಲೈ 23ಕ್ಕೆ ಮುಗಿಯಿತು. ಅದು ಶನಿವಾರ. ಸೋಮವಾರ ಒಂದೇ ದಿನ ಬೆಲೆ ಶೇ 11ಕ್ಕೂ ಹೆಚ್ಚು ಇಳಿಯಿತು, ಬುಧವಾರದ ಹೊತ್ತಿಗೆ ₹41ರ ಆಸುಪಾಸು. ಅಲ್ಲಿಂದ ಅದೇ ಷೇರು 2024ರಲ್ಲಿ ₹250 ದಾಟಿತು. ಅಂದರೆ ಲಾಕ್‌ಇನ್ ದಿನಾಂಕ ಕಂಪನಿಯ ಬಗ್ಗೆ ಏನನ್ನೂ ಹೇಳುವುದಿಲ್ಲ, ಮಾರುಕಟ್ಟೆಗೆ ಬೀಳಲಿರುವ ಷೇರಿನ ರಾಶಿಯ ಬಗ್ಗೆ ಮಾತ್ರ ಹೇಳುತ್ತದೆ. ಈಗಿನ ನಿಯಮದಲ್ಲಿ ಆ್ಯಂಕರ್ ಹೂಡಿಕೆದಾರರ (ಐಪಿಒ ತೆರೆಯುವ ಮುನ್ನವೇ ಷೇರು ಪಡೆದ ದೊಡ್ಡ ಸಂಸ್ಥೆಗಳ) ಅರ್ಧ ಪಾಲು 30 ದಿನಕ್ಕೆ, ಉಳಿದರ್ಧ 90 ದಿನಕ್ಕೆ, ಪ್ರವರ್ತಕರಲ್ಲದ ಹಳಬರ ಷೇರು ಆರು ತಿಂಗಳಿಗೆ ಬಿಡುಗಡೆ. ಹಂಚಿಕೆಯ ದಿನದಿಂದ ಎಣಿಸಿ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ. ಕೊಳ್ಳುವ ಮನಸ್ಸಿದ್ದರೆ ಆ ದಿನ ಕಳೆದು ಒಂದೆರಡು ವಾರ ಕಾಯುವುದು ನನ್ನ ಪ್ರಕಾರ ಒಳ್ಳೆಯದು. ದಿನದ ಬಲ್ಕ್ ಡೀಲ್ (ದೊಡ್ಡ ಪ್ರಮಾಣದ ವಹಿವಾಟು) ಪಟ್ಟಿ ಸಂಜೆ ಬರುತ್ತದೆ, ದೊಡ್ಡವರು ಮಾರಿ ಮುಗಿಸಿದರೇ ಎಂದು ಅದರಲ್ಲಿ ನೋಡಿ.

ರಾತ್ರಿಯ ಅಮೆರಿಕ ನೋಡಿ ಬೆಳಿಗ್ಗೆ ಕೊಳ್ಳುವ ಅಭ್ಯಾಸ ನಮ್ಮವರಿಗೆ ಬಂದದ್ದು 1999ರ ಮಾರ್ಚ್‌ನಲ್ಲಿ ಇನ್ಫೋಸಿಸ್ ನ್ಯಾಸ್ಡಾಕ್‌ಗೆ ಹೋದ ಮೇಲೆ. ಇಲ್ಲಿನ ಷೇರಿನ ಬದಲಿಗೆ ಅಮೆರಿಕದಲ್ಲಿ ವಹಿವಾಟಾಗುವ ಪತ್ರಕ್ಕೆ ಎಡಿಎಸ್ ಎಂದು ಹೆಸರು, ಆಗ ಎರಡು ಎಡಿಎಸ್ ಸೇರಿದರೆ ಒಂದು ಷೇರು. ಅಲ್ಲಿನ ಬೆಲೆ ಇಲ್ಲಿಗಿಂತ ತುಂಬಾ ಹೆಚ್ಚಿತ್ತು, ‘ಇಲ್ಲಿಯೂ ಅಷ್ಟಕ್ಕೆ ಏರಲೇಬೇಕು’ ಎಂದು ಕೊಂಡವರು ಬಹಳ. ಏರಲೇಬೇಕಾದ ಕಾರಣವೇ ಇರಲಿಲ್ಲ. ಎಡಿಎಸ್ ಅನ್ನು ಇಲ್ಲಿನ ಷೇರಾಗಿ ಬದಲಿಸಬಹುದಿತ್ತು, ಇಲ್ಲಿನ ಷೇರು ಕೊಂಡು ಎಡಿಎಸ್ ಮಾಡಲು 2002ರವರೆಗೆ ದಾರಿಯಿರಲಿಲ್ಲ. ಅಗ್ಗದ ಕಡೆ ಕೊಂಡು ದುಬಾರಿ ಕಡೆ ಮಾರುವ ಸೇತುವೆ ಇಲ್ಲದಿದ್ದರೆ ಎರಡು ಬೆಲೆ ಎಷ್ಟು ದಿನ ಬೇಕಾದರೂ ಬೇರೆಯಾಗಿ ಇರಬಲ್ಲವು. ಈಗ ಇನ್ಫೋಸಿಸ್‌ನ ಒಂದು ಎಡಿಎಸ್‌ಗೆ ಒಂದು ಷೇರು. 18 ಡಾಲರ್, ಡಾಲರ್‌ಗೆ ₹85 ಎಂದಾದರೆ ₹1,530. ನ್ಯೂಯಾರ್ಕ್ ಮುಗಿಯುವುದು ನಮ್ಮ ಗಡಿಯಾರದಲ್ಲಿ ಬೇಸಿಗೆಯಲ್ಲಿ ರಾತ್ರಿ 1.30, ಚಳಿಗಾಲದಲ್ಲಿ 2.30. ಬೆಳಿಗ್ಗೆ 9ರ ಪ್ರೀ–ಓಪನ್‌ನಲ್ಲಿ ಆ ವ್ಯತ್ಯಾಸವೆಲ್ಲ ಬೆಲೆಗೆ ಸೇರಿಹೋಗಿರುತ್ತದೆ. 9.15ಕ್ಕೆ ಮಾರ್ಕೆಟ್ ಆರ್ಡರ್ ಹಾಕುವವರಿಗೆ ಉಳಿಯುವುದು ಅಂದಿನ ದುಬಾರಿ ಬೆಲೆ ಮಾತ್ರ. ಮೊದಲ ಅರ್ಧ ಗಂಟೆ ಬಿಟ್ಟು, ಲಿಮಿಟ್ ಹಾಕಿಯೇ ಕೊಳ್ಳಿ.

ಕಂಪನಿಯ ಲೆಕ್ಕಪತ್ರದಲ್ಲಿ ನೋಡಬೇಕಾದ್ದು ಎರಡೇ ಸಾಲು. ನಿವ್ವಳ ಲಾಭ ಎಷ್ಟು, ವ್ಯವಹಾರದಿಂದ ಬಂದ ನಗದು ಎಷ್ಟು. ಸಾಫ್ಟ್‌ವೇರ್ ಕಂಪನಿಗೆ ಗೋದಾಮಿಲ್ಲ, ಕಚ್ಚಾ ಮಾಲಿಲ್ಲ, ಲಾಭ ಬಹುಮಟ್ಟಿಗೆ ನಗದಾಗಿಯೇ ಬರಬೇಕು. ಎರಡು ಮೂರು ವರ್ಷ ಲಾಭ ಏರುತ್ತಾ ನಗದು ಬಾರದೆ ಗಿರಾಕಿಗಳಿಂದ ಬರಬೇಕಾದ ಬಾಕಿ ಬೆಳೆಯುತ್ತಿದ್ದರೆ ಆ ಮಾರಾಟವನ್ನೇ ಅನುಮಾನಿಸಿ. ಹೆಸರಿಗೆ ‘ಟೆಕ್’, ‘ಎಐ’ ಅಂಟಿಸಿಕೊಂಡವರ ವಿಷಯದಲ್ಲಿ ಸೆಬಿಯ ನಿಯಮವಿದೆ: ಹೊಸ ಹೆಸರು ಸೂಚಿಸುವ ಕೆಲಸದಿಂದ ಹಿಂದಿನ ವರ್ಷದ ಆದಾಯದ ಅರ್ಧವಾದರೂ ಬಂದಿರಬೇಕು, ಇಲ್ಲವೇ ಆಸ್ತಿಯ ಅರ್ಧದಷ್ಟನ್ನು ಅದರಲ್ಲಿ ತೊಡಗಿಸಿರಬೇಕು. ಆದಾಯದಿಂದ ಪಾಸಾದರೋ ಹೂಡಿಕೆಯಿಂದಲೋ ಎಂದು ಓದಿ ನೋಡಿ.

ಎಷ್ಟು ಕೊಳ್ಳಬೇಕು? ₹10 ಲಕ್ಷ ಬಂಡವಾಳದಲ್ಲಿ ಒಂದು ವಹಿವಾಟಿಗೆ ಶೇ 1, ಅಂದರೆ ₹10,000 ಹೋದರೂ ಪರವಾಗಿಲ್ಲ ಎಂದು ನಿರ್ಧರಿಸಿ. ಷೇರು ₹500, ಸ್ಟಾಪ್ ₹450. ಒಂದಕ್ಕೆ ₹50 ಅಪಾಯ, 200 ಷೇರು. ಇದು ಎಲ್ಲರೂ ಹೇಳುವ ಲೆಕ್ಕ, ಶೇ 5 ಸರ್ಕ್ಯೂಟ್‌ನ ಷೇರಿಗೆ ಇದು ತಪ್ಪು. ಸ್ಟಾಪ್ ದಾಟಿದ ಮೇಲೆ ಎರಡು ದಿನ ಮಾರಲಾಗದು ಎಂದೇ ಹಿಡಿಯಿರಿ: ₹450, ₹427.50, ₹406. ಒಂದಕ್ಕೆ ₹94 ಅಪಾಯ, ಕೊಳ್ಳಬೇಕಾದ್ದು 106 ಷೇರು. ಹತ್ತಿರ ಹತ್ತಿರ ಅರ್ಧ. ಜೊತೆಗೆ ಡೆಲಿವರಿ ಪ್ರಮಾಣ ನೋಡಿ. ದಿನಕ್ಕೆ 50,000 ಷೇರು ಕೈ ಬದಲಾದರೂ ಡೆಲಿವರಿ ಶೇ 20 ಇದ್ದರೆ ನಿಜವಾಗಿ ಕೊಂಡು ಮನೆಗೆ ಒಯ್ದವರು 10,000ಕ್ಕೆ ಮಾತ್ರ. ನಿಮ್ಮ ಪಾಲು ಅದರ ಶೇ 5, ಅಂದರೆ 500 ಷೇರು ಮೀರದಿರಲಿ.

ಬೆಂಗಳೂರಿನ ಐಟಿ ಕೆಲಸದವರು ಈ ₹10 ಲಕ್ಷದ ಲೆಕ್ಕಕ್ಕೆ ಇನ್ನೂ ಎರಡನ್ನು ಸೇರಿಸಿಕೊಳ್ಳಬೇಕು: ಸಂಬಳ ಮತ್ತು ಕಂಪನಿ ಕೊಟ್ಟ ಆರ್‌ಎಸ್‌ಯು (ಸಂಬಳದ ಭಾಗವಾಗಿ ಸಿಗುವ ಕಂಪನಿಯ ಷೇರು). 2001ರಲ್ಲಿ ಷೇರು ಬೆಲೆ, ನೇಮಕಾತಿ, ಇಎಸ್‌ಒಪಿ (ನೌಕರರಿಗೆ ಕೊಡುವ ಷೇರು ಆಯ್ಕೆ) ಮೂರೂ ಒಟ್ಟಿಗೆ ಬಿದ್ದವು, ಯಾಕೆಂದರೆ ಮೂರಕ್ಕೂ ಹಣ ಬರುತ್ತಿದ್ದ ಮೂಲ ಒಂದೇ, ಅಮೆರಿಕದ ಟೆಕ್ ಖರ್ಚು. ಆರ್‌ಎಸ್‌ಯು ಕೈಗೆ ಬಂದ ದಿನವೇ ಅದಕ್ಕೆ ಸಂಬಳದ ಹಾಗೆ ತೆರಿಗೆ ಕಟ್ಟಿಯಾಗಿರುತ್ತದೆ, ಅಂದೇ ಮಾರಿದರೆ ಹೆಚ್ಚುವರಿ ತೆರಿಗೆ ಹೆಚ್ಚುಕಡಿಮೆ ಇಲ್ಲ. ಆ ಹಣ ನಗದಾಗಿ ಕೈಯಲ್ಲಿ ಬಂದಿದ್ದರೆ ಅದೇ ಷೇರು ಕೊಳ್ಳುತ್ತಿದ್ದೆನಾ ಎಂದು ಕೇಳಿಕೊಳ್ಳಿ, ಇಲ್ಲ ಎಂದಾದರೆ ಮಾರಿ ಮನೆ ಸಾಲಕ್ಕೋ ಎಫ್‌ಡಿಗೋ ಹಾಕಿ.

ಏರುತ್ತಿರುವಾಗ ಮಾರುವುದಕ್ಕೆ ನಾನು ಒಪ್ಪುವ ಕ್ರಮ ಇದು: ಬೆಲೆ ಎರಡು ಪಟ್ಟಾದಾಗ ಮೂರನೇ ಒಂದು ಭಾಗ, ಮೂರು ಪಟ್ಟಾದಾಗ ಇನ್ನೊಂದು ಮೂರನೇ ಭಾಗ. ಆ ಹೊತ್ತಿಗೆ ಹಾಕಿದ ಹಣಕ್ಕಿಂತ ಹೆಚ್ಚು ವಾಪಸ್ ಬಂದಿರುತ್ತದೆ. ಉಳಿದದ್ದನ್ನು ವಾರದ ಮುಕ್ತಾಯ ಬೆಲೆ ಗರಿಷ್ಠದಿಂದ ಶೇ 20 ಇಳಿದಾಗ ಮಾರಿ. ಅಪ್ಪರ್ ಸರ್ಕ್ಯೂಟ್‌ನಲ್ಲಿ ಕೊಳ್ಳುವವರ ಕ್ಯೂ ನಿಂತಿರುವಾಗಲೇ ಮಾರಿದರೆ ಅಂದುಕೊಂಡ ಬೆಲೆಗೆ ಪೂರ್ತಿ ಹೋಗುತ್ತದೆ. ಆ ಕ್ಯೂ 2 ಲಕ್ಷದಿಂದ 20,000ಕ್ಕೆ ಕರಗುತ್ತಿರುವುದು ಕಂಡರೆ ಅಂದೇ ಮಾರಿ.

ನಷ್ಟದಲ್ಲಿ ಮಾರಿದ್ದರೆ ಆ ಕಾಗದಪತ್ರ ಎತ್ತಿಡಿ. ಡೆಲಿವರಿ ಪಡೆದು ವರ್ಷದೊಳಗೆ ಮಾರಿದ ಷೇರಿನ ನಷ್ಟವನ್ನು ಅಲ್ಪಾವಧಿ, ದೀರ್ಘಾವಧಿ ಎರಡೂ ಬಂಡವಾಳ ಲಾಭದ ಎದುರು ಕಳೆಯಬಹುದು, ಉಳಿದದ್ದನ್ನು 8 ವರ್ಷ ಮುಂದಕ್ಕೆ ಒಯ್ಯಬಹುದು. ಆದರೆ ರಿಟರ್ನ್ ಗಡುವಿನೊಳಗೆ ಸಲ್ಲಿಸಿರಬೇಕು. ಒಂದು ದಿನ ತಡವಾದರೂ ಮುಂದಕ್ಕೆ ಒಯ್ಯುವ ಹಕ್ಕು ಹೋಗುತ್ತದೆ.